ಸಗಣಿ ಮನೆ, ಮೇಣದ ಮನೆ

ಪಾರ್ಲೆಯಲ್ಲಿ ಮಳೆ ಕಿಟಕಿಗೆ ಬಡಿಯುವ ರಾತ್ರಿ ಮಗಳಿಗೆ ಕಾಗಕ್ಕ ಗುಬ್ಬಕ್ಕನ ಕತೆಯೇ ಬೇಕು. ಅದು ನಮ್ಮೂರಿನದೆಂದೇ ತಿಳಿದಿದ್ದೆ. ಪಕ್ಕದ ಮನೆಯ ಮರಾಠಿ ಅಜ್ಜಿ ಅದನ್ನೇ ಚಿವೂ-ಕಾವೂ ಕತೆ ಎನ್ನುತ್ತಾರೆ. 13ನೇ ಶತಮಾನದ ಮರಾಠಿ ಗದ್ಯ, ಮ್ಹಾಯಿಂಭಟನ ‘ಲೀಳಾಚರಿತ್ರ’ದಲ್ಲೂ ಚಕ್ರಧರಸ್ವಾಮಿ ಹೇಳಿದ ಕತೆಯಾಗಿ ಈ ಸಗಣಿ ಮನೆ, ಮೇಣದ ಮನೆ ಇವೆ. ಆಗ ದೇವಗಿರಿಯ ಸೇವುಣರ ಕಾಲ. ಅವರ ಶಾಸನಗಳು ಕನ್ನಡದಲ್ಲೂ ಇವೆ, ಮರಾಠಿಯಲ್ಲೂ ಇವೆ. ಕತೆ ಯಾರದೆಂಬ ಜಗಳ ನನಗೆ ಬೇಡ.

ಮನೆ ಕೊಚ್ಚಿಹೋದ ಕಾಗೆ ಬಂದು ಬಾಗಿಲು ಬಡಿಯುತ್ತದೆ. ಮರಿಗೆ ನೀರೆರೆಯುತ್ತಿದ್ದೇನೆ, ತಡಿ. ಕಾಡಿಗೆ ಹಚ್ಚುತ್ತಿದ್ದೇನೆ, ತಡಿ ಎನ್ನುತ್ತದೆ ಗುಬ್ಬಿ. ಮಗಳಿಗೆ ಇಷ್ಟ ಈ ‘ತಡಿ’ಗಳೇ. ಹೊರಗೆ ಯಾರೇ ಬಡಿಯಲಿ, ಮೊದಲು ಮರಿ. ಮೊನ್ನೆ ಅಮೆರಿಕದ ಕಾಲ್‌ಗೆ ಹೊತ್ತಾಯಿತೆಂದು ಒಂದನ್ನು ಹಾರಿಸಿದೆ. ‘ಅಪ್ಪಾ, ಕಾಡಿಗೆ ಹಚ್ಚಲೇ ಇಲ್ಲ’ ಎಂದಳು.

ಕಾಲ್‌ಗೆ ಹತ್ತು ನಿಮಿಷ ತಡವಾಗಿ ಸೇರಿದೆ.