ಬೆಂಗೇರಿಯ ಖಾದಿ ಧ್ವಜ: ಅಲ್ಪವೆಚ್ಚದ ಆನ್‌ಲೈನ್ ಜಾಹೀರಾತು ಮತ್ತು ಹೆಸರಿನ ಅರಿವು

ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ವೆಂಕಟೇಶ ಮಾಗಡಿ ಮೊದಲಾದ ಗಾಂಧಿವಾದಿಗಳ ಮುಂದಾಳತ್ವದಲ್ಲಿ ಹುಟ್ಟಿತು. ಐಎಸ್‌ಐ ಗುರುತಿನ ರಾಷ್ಟ್ರಧ್ವಜ ತಯಾರಿಸುವ ದೇಶದ ಏಕೈಕ ಘಟಕವೆಂದೇ ಅದು ಹೆಸರಾಗಿದೆ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದ ಬಟ್ಟೆ ಇಲ್ಲಿಗೆ ಬಂದು, ಬಣ್ಣ ಮತ್ತು ಮುದ್ರಣ ಮುಗಿದ ಮೇಲೆ, 6x4 ಇಂಚಿನಿಂದ 21x14 ಅಡಿಯವರೆಗೆ ಒಂಬತ್ತು ಅಳತೆಗಳಲ್ಲಿ ಹೊಲಿಗೆಯಾಗುತ್ತದೆ. ಬಟ್ಟೆಯ ಎರಡೂ ಮಗ್ಗುಲಿಗೆ ಅಚ್ಚಾದ 24 ಅರಗಳ ಚಕ್ರಗಳು ಒಂದಕ್ಕೊಂದು ಕರಾರುವಾಕ್ಕಾಗಿ ಕೂಡಬೇಕು. ಹೊಲಿಗೆಯ ಮೇಜಿನ ಮುಂದೆ ಕುಳಿತವರಲ್ಲಿ ಬಹುಪಾಲು ಮಹಿಳೆಯರು.

2021ರ ಡಿಸೆಂಬರ್‌ನಲ್ಲಿ ಧ್ವಜದ ತಯಾರಿಕೆ, ಬಳಕೆಯ ನಿಯಮಗಳಾದ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿ ಸಿಕ್ಕಿತು. ಮರುವರ್ಷ ಮನೆಮನೆಯಲ್ಲಿ ಧ್ವಜ ಹಾರಿಸುವ ‘ಹರ್ ಘರ್ ತಿರಂಗಾ’ ಅಭಿಯಾನದಲ್ಲಿ ಅಂಚೆ ಕಚೇರಿಗಳೇ 25 ರೂಪಾಯಿಗೆ ಧ್ವಜ ಮಾರಿದವು. ಕೈನೂಲಿನ ಬಟ್ಟೆ ಈ ಬೆಲೆಯೊಡನೆ ಪೈಪೋಟಿಗಿಳಿಯುವುದು ಸಾಧ್ಯವಿಲ್ಲ. ಸಂಘ ಈ ತಿದ್ದುಪಡಿಯನ್ನು ಬಹಿರಂಗವಾಗಿಯೇ ವಿರೋಧಿಸಿತು. ಬೆಲೆಯಲ್ಲಿ ಗೆಲ್ಲಲಾಗದ ಸರಕು ಹೆಸರಿನಿಂದ ಉಳಿಯಬಲ್ಲದೇ ಎಂಬುದು ಈ ಲೇಖನದ ಪ್ರಶ್ನೆ.

ಮಾರ್ಕೆಟಿಂಗ್ ವಿದ್ವಾಂಸ ಕೆವಿನ್ ಲೇನ್ ಕೆಲ್ಲರ್ 1993ರಲ್ಲಿ ಬ್ರ್ಯಾಂಡ್ ಅರಿವನ್ನು, ಅಂದರೆ ಹೆಸರಿನ ಅರಿವನ್ನು, ಎರಡಾಗಿ ವಿಂಗಡಿಸಿದರು: ಕಂಡಾಗ ಗುರುತು ಹಿಡಿಯುವುದು ಒಂದು, ಬೇಕಾದಾಗ ತಾನಾಗಿ ನೆನಪಾಗುವುದು ಇನ್ನೊಂದು. ಬೆಂಗೇರಿಗೆ ಎರಡೂ ಬೇಕು. ಕೊಳ್ಳುವವರು ಐಎಸ್‌ಐ ಗುರುತನ್ನೂ ಖಾದಿಯ ಒರಟು ನೇಯ್ಗೆಯನ್ನೂ ಗುರುತಿಸಬೇಕು. ಶಾಲೆಯ ಮುಖ್ಯೋಪಾಧ್ಯಾಯರಿಗೆ, ಪಂಚಾಯಿತಿಯ ಕಾರ್ಯದರ್ಶಿಗೆ ಧ್ವಜ ಎಂದೊಡನೆ ಬೆಂಗೇರಿ ನೆನಪಾಗಬೇಕು.

ಇಲ್ಲಿ ಎದುರಾಗುವ ತೊಡಕು ಬೇರೆ ಉದ್ದಿಮೆಗಳಿಗಿಲ್ಲ.

ಧ್ವಜವನ್ನು ಯಾವ ರೂಪದಲ್ಲೂ ಜಾಹೀರಾತಿಗೆ ಬಳಸಬಾರದೆಂದು ಧ್ವಜ ಸಂಹಿತೆ ಹೇಳುತ್ತದೆ. ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆಯುವ 1950ರ ಕಾಯ್ದೆಯ ಪಟ್ಟಿಯಲ್ಲಿ ರಾಷ್ಟ್ರಧ್ವಜದ ಜೊತೆಗೆ ಅಶೋಕ ಚಕ್ರವೂ ಮಹಾತ್ಮ ಗಾಂಧಿಯವರ ಹೆಸರು, ಚಿತ್ರಗಳೂ ಇವೆ. ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಇವನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಹೀಗೆ ಕಣ್ಣಿಗೆ ಮೊದಲು ಬೀಳುವ ಮೂರು ಚಿತ್ರಗಳನ್ನು ಬದಿಗಿಟ್ಟರೆ ಉಳಿಯುವುದು ನೂಲಿನ ಲಡಿ, ಮಗ್ಗದ ಸದ್ದು, ಹೊಲಿಯುವ ಕೈ, ಅಳತೆಗಳ ಪಟ್ಟಿ ಮತ್ತು ಊರಿನ ಹೆಸರು. ಅರ್ಧ ನಿಮಿಷದ ಮೊಬೈಲ್ ವಿಡಿಯೊಗೆ ಇಷ್ಟು ಸಾಕು. ಇವೆಲ್ಲ ಬೆಂಗೇರಿಯ ಸ್ವಂತದವು. ಪಾಲಿಯೆಸ್ಟರ್ ತಯಾರಕರು ಇವನ್ನು ತೋರಿಸಲಾರರು.

ಇನ್ನು ಖರ್ಚಿನ ಮಾತು. ಆನ್‌ಲೈನ್ ಜಾಹೀರಾತಿನ ಜಾಗ ಹೆಚ್ಚಾಗಿ ಹರಾಜಿನಲ್ಲಿ ಮಾರಾಟವಾಗುತ್ತದೆ. ಹುಡುಕಾಟದ ಜಾಹೀರಾತಿಗೆ ಸಾಮಾನ್ಯವಾಗಿ ಯಾರಾದರೂ ಕ್ಲಿಕ್ ಮಾಡಿದಾಗ ಮಾತ್ರ ಹಣ ಕಟ್ಟಬೇಕು. ದಿನದ ಖರ್ಚಿಗೆ ಮಿತಿ ಹಾಕಬಹುದು. ಜಿಲ್ಲೆ, ವೇಳೆ, ಭಾಷೆಗಳನ್ನು ಆರಿಸಬಹುದು. ಬರೀ ‘ಧ್ವಜ’ ಎಂಬ ಪದಕ್ಕೆ ಪೈಪೋಟಿ ಹೆಚ್ಚು; ‘ಐಎಸ್‌ಐ ಖಾದಿ ಧ್ವಜ, ಶಾಲೆಗೆ’ ಎಂಬಂಥ ನಿರ್ದಿಷ್ಟ ಹುಡುಕಾಟ ಅಗ್ಗವಾಗುವ ಸಾಧ್ಯತೆ ಹೆಚ್ಚು, ಅದನ್ನು ಹುಡುಕುವವರು ಕೊಳ್ಳುವ ಮನಸ್ಸಿನಲ್ಲೂ ಇರುತ್ತಾರೆ. ಗೂಗಲ್ ನಕ್ಷೆಯಲ್ಲಿ ಸಂಸ್ಥೆಯ ವಿವರ ಸೇರಿಸುವುದಕ್ಕೂ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ದರಪಟ್ಟಿ ಇಡುವುದಕ್ಕೂ ಹಣವೇ ಬೇಕಿಲ್ಲ.

ಫಲಿತಾಂಶ ಅಳೆಯುವುದಕ್ಕೂ ದುಬಾರಿ ಸಮೀಕ್ಷೆ ಅನಗತ್ಯ. ಧಾರವಾಡ, ಗದಗ ಜಿಲ್ಲೆಗಳಲ್ಲಿ ಜಾಹೀರಾತು ಕೊಟ್ಟು, ಹಾವೇರಿ, ಕೊಪ್ಪಳಗಳನ್ನು ಹಾಗೆಯೇ ಬಿಟ್ಟು, ಎರಡೂ ಕಡೆಯಿಂದ ಬಂದ ವಿಚಾರಣೆ ಮತ್ತು ಬೇಡಿಕೆಗಳನ್ನು ಹಿಂದಿನ ವರ್ಷದ ಲೆಕ್ಕದೊಡನೆ ಹೋಲಿಸಿದರೆ ಜಾಹೀರಾತಿನ ಪರಿಣಾಮ ತಕ್ಕಮಟ್ಟಿಗೆ ತಿಳಿಯುತ್ತದೆ.

ಆದರೆ ಜಾಹೀರಾತಿನ ಸಮಯ ತಪ್ಪಬಾರದು. ಆಗಸ್ಟ್ ಮೊದಲ ವಾರದಲ್ಲಿ ಸ್ವಾತಂತ್ರ್ಯೋತ್ಸವದ ರಿಯಾಯಿತಿ ಮಾರಾಟಗಳೂ ಸೇರಿಕೊಂಡು ಹರಾಜಿನ ದರವನ್ನು ಏರಿಸುತ್ತವೆ. ಆಗ ಬೇಡಿಕೆ ಹರಿದುಬಂದರೂ ಕೈಯಲ್ಲಿ ನೂಲುವ ನೂಲನ್ನು ವಾರದೊಳಗೆ ಹೆಚ್ಚಿಸಲು ಬಾರದು. ಗಣರಾಜ್ಯೋತ್ಸವ ಮುಗಿದ ಫೆಬ್ರುವರಿಯಿಂದ ಶಾಲೆ ತೆರೆಯುವ ಜೂನ್‌ವರೆಗೆ ಸಣ್ಣ ಮೊತ್ತದ ಪ್ರಚಾರ ನಿರಂತರವಾಗಿ ನಡೆದರೆ ಬೇಡಿಕೆ ವರ್ಷವಿಡೀ ಹಂಚಿಹೋಗುತ್ತದೆ, ನೂಲುವವರಿಗೂ ನೇಯುವವರಿಗೂ ಬಿಡುವಿನ ತಿಂಗಳಲ್ಲಿ ಕೂಲಿ ಸಿಗುತ್ತದೆ. ಆದ್ದರಿಂದ ಬೆಂಗೇರಿಯ ಪ್ರಚಾರದ ಯಶಸ್ಸನ್ನು ಲೈಕುಗಳಿಂದಲ್ಲ, ಈ ಐದು ತಿಂಗಳಲ್ಲಿ ಮುಂಗಡವಾಗಿ ಬಂದ ಬೇಡಿಕೆಯ ಪಾಲಿನಿಂದ ಅಳೆಯಬೇಕು.