ಒಣಖಂಡದ ಹಗ್ಗ, ಮೊಲದ ಪಾಲು

ಸ್ವಲ್ಪ ಉದ್ದ ಐತಿ, ಪುರುಸೊತ್ತು ಇದ್ದಾಗ ಓದ್ರಿ.

2025ರ ಯುಗಾದಿ ಹೊತ್ತಿಗೆ ರಾಯಚೂರು ಜಿಲ್ಲೆಯಲ್ಲಿ ಬೇಟೆಯಾಡಿದ ಮೊಲಗಳನ್ನು ಕೋಲಿಗೆ ಕಟ್ಟಿಕೊಂಡು ಮೆರವಣಿಗೆ ಮಾಡಿದ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿತ್ತು. ಒಂದಷ್ಟು ಮಂದಿ 'ಇದು ಸಂಪ್ರದಾಯ' ಅಂದರು, ಒಂದಷ್ಟು ಮಂದಿ 'ಇದು ಅಪರಾಧ' ಅಂದರು. ನನಗೆ ಹೊಳೆದ ಪ್ರಶ್ನೆ ಬೇರೆ. ಒಂದೇ ದಿನ ಅಷ್ಟು ಮೊಲ ಬಿದ್ದರೆ ಆ ಖಂಡ ಯಾರ ಮನೆಗೆ ಹೋಗ್ತದ? ಉಂಡು ಉಳಿದದ್ದು ಏನಾಗ್ತದ?

ಕಾನೂನಿನ ಮಾತು ಮೊದಲೇ ಹೇಳಿಬಿಡ್ತೀನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಕೆಲವು ಪ್ರಾಣಿಗಳನ್ನು ಲೈಸೆನ್ಸ್ ತಗೊಂಡು ಬೇಟೆಯಾಡೋಕೆ ಅವಕಾಶ ಇತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಕಾಡುಮೊಲ ಹೊಡೆಯೋದು ಇವತ್ತು ಅಪರಾಧ, ಅದನ್ನ ಮತ್ತೆ ಶುರು ಮಾಡ್ರಿ ಅಂತ ನಾನು ಹೇಳ್ತಿಲ್ಲ. ಆದರೆ ಖಂಡ ಹಂಚಿದ್ದಕ್ಕೂ, ಒಣಗಿಸಿದ್ದಕ್ಕೂ ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸೀಮೆಯಲ್ಲಿ ಒಂದು ಇತಿಹಾಸ ಐತಿ. ಅದನ್ನ ಯಾರೂ ಬರೆಯೋದಿಲ್ಲ.

ನಮ್ಮ ಮುತ್ತ್ಯಾ ಹೇಳ್ತಿದ್ದ. ಜೋಳದ ರಾಶಿ ಮುಗಿದು ಹೊಲ ಬಯಲಾದ ಮೇಲೆ ಊರ ಬೇಟೆ. ಬಲೆ ಹಿಡಿಯೋರು ಒಂದು ಕಡೆ. ಬದುವಿನ ಹುಲ್ಲು ಬಡಿದು, ಕೂಗು ಹಾಕಿ ಮೊಲ ಎಬ್ಬಿಸೋರು ಇನ್ನೊಂದು ಕಡೆ. ಎಬ್ಬಿಸೋರು ಅಂದ್ರೆ ಕೇರಿಯವರು, ಮುಳ್ಳು ತುಳಿಯೋ ಕೆಲಸ ನಮ್ಮದು. ಪಾಲು ಹಾಕುವಾಗ ಗೌಡರ ಮನೆಗೆ ತೊಡೆ, ಬಲೆಯವರಿಗೆ ಬೆನ್ನು, ನಾಯಿ ತಂದವನಿಗೂ ಒಂದು ಭಾಗ. ತಲೆ, ಕಾಲು, ಕರುಳು ನಮಗೆ. ನಾಯಿಯ ಪಾಲು ನಮಗಿಂತ ಚಲೋ ಇತ್ತು ಅಂತ ಮುತ್ತ್ಯಾ ನಗ್ತಿದ್ದ. ನನಗೆ ನಗು ಬರ್ತಿರಲಿಲ್ಲ.

ಒಂದು ಮೊಲ ಅಂದ್ರೆ ಎರಡು-ಮೂರು ಕೆಜಿ. ಒಂದು ಮನೆಗೆ ಒಂದೇ ಹೊತ್ತಿನ ಸಾರು. ಹತ್ತಾರು ಬಿದ್ದ ದಿನ ಮಾತ್ರ ಉಳೀತಿತ್ತು, ಉಳಿದದ್ದನ್ನ ಕೆಡದಂಗೆ ಇಡೋ ವಿದ್ಯೆ ಇದ್ದದ್ದು ನಮ್ಮ ಕೇರಿಯ ಹೆಣ್ಣುಮಕ್ಕಳ ಕೈಯಲ್ಲಿ. ನಮ್ಮ ಆಯಿ ಮಾಡ್ತಿದ್ದದ್ದು ಹೀಗೆ. ಖಂಡವನ್ನ ಎಳೆಯ ಉದ್ದಕ್ಕೆ ತೆಳ್ಳಗೆ ಪಟ್ಟಿ ಪಟ್ಟಿ ಸೀಳೋದು, ಕೊಬ್ಬು ಪೂರ್ತಿ ಬಿಡಿಸೋದು (ಕೊಬ್ಬು ಉಳಿದರೆ ಕಮಟು ಹಿಡೀತದ), ಉಪ್ಪು-ಅರಿಶಿಣ ತಿಕ್ಕೋದು, ಹಗ್ಗದ ಮೇಲೆ ಬಿಸಿಲಿಗೆ ಹಾಕೋದು. ಒಬ್ಬ ಹುಡುಗ ಕೋಲು ಹಿಡಿದು ಕಾಗೆ ಕಾಯಬೇಕು. ರಾತ್ರಿ ಇಬ್ಬನಿ ಬೀಳೋ ಮೊದಲು ಒಳಗೆ ತರಬೇಕು. ಮುರಿದರೆ ಟಕ್ ಅನ್ನೋಹಂಗ ಆದಮೇಲೆ ಗಡಿಗೆಗೆ ತುಂಬಿ ಬಾಯಿ ಕಟ್ಟಿಡೋದು. ಮೊಲದ ಖಂಡದಲ್ಲಿ ಕೊಬ್ಬು ಕಡಿಮೆ, ಹಂಗಾಗಿ ಬೇಗ ಒಣಗ್ತಿತ್ತಂತೆ. ಮಳೆಗಾಲದಲ್ಲಿ ಕೂಲಿ ಇಲ್ಲದ ದಿನ ನಾಲ್ಕು ತುಂಡು ಕೆಂಡದ ಮೇಲೆ ಸುಟ್ಟು, ಒಳ್ಳಾಗ ಕುಟ್ಟಿ, ಖಾರದಪುಡಿ ಬೆರೆಸಿದರೆ ಒಂದು ಮನೆಯ ರೊಟ್ಟಿಗೆ ಸಾಕು. ಹುಣಸಿಹುಳಿ ಹಾಕಿ ಕುದಿಸಿದರೆ ಬಾಣಂತಿಗೂ ಆಯ್ತು.

ಮೊಲಕ್ಕಾಗಿ ಕಲಿತ ವಿದ್ಯೆ ಅಲ್ಲ ಇದು, ಸತ್ತ ದನದಿಂದ ಕಲಿತದ್ದು. ಊರಲ್ಲಿ ದನ ಸತ್ತರೆ ಎಳೆದುಹಾಕೋದು ನಮ್ಮ 'ಹಕ್ಕು' ಅಂತ ಹೇಳ್ತಿದ್ದರು. ಹಕ್ಕಲ್ಲ, ಬಿಟ್ಟಿ ಚಾಕರಿ. ಕೂಲಿಯ ಬದಲು ಖಂಡ. 1876-78ರ ಬರದಲ್ಲಿ, ಆಗ ನಮ್ಮ ಜಿಲ್ಲೆಯ ಹೆಸರು ಕಲಾದಗಿ, ಮೇವು ನೀರಿಲ್ಲದೆ ದನ ಸತ್ತವು, ಜನಾನೂ ಸತ್ತರು. ಅಂಥ ಬರದಲ್ಲಿ ಒಣಖಂಡದ ಗಡಿಗೆ ಅಂದ್ರೆ ಬ್ಯಾಂಕಿನ ಪಾಸ್‌ಬುಕ್ ಇದ್ದಂಗ. 1884ರಲ್ಲಿ ಸರ್ಕಾರ ಅಚ್ಚು ಹಾಕಿಸಿದ ವಿಜಾಪುರ ಗೆಜೆಟಿಯರ್ ಯಾವ ಜಾತಿ ಏನು ತಿಂತದ ಅಂತ ಒಂದೊಂದನ್ನೂ ಪಟ್ಟಿ ಮಾಡಿತು. ನಮ್ಮ ಹಸಿವು ನಮ್ಮ ಗುಣ ಅಂತ ದಾಖಲಾಯ್ತು.

1927ರ ಮಾರ್ಚ್‌ನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಖಂಡ ಬಿಡ್ರಿ, ಎಂಜಲು ಬಿಡ್ರಿ ಅಂದರು. ಆ ಮಾತು ಸೊಲ್ಲಾಪುರ ದಾಟಿ ಭೀಮಾ ನದಿಯ ಈ ದಂಡೆಗೂ ಬಂತು. ನಮ್ಮ ಕೇರಿಯ ಹಿರಿಯರು ಕೂತು ಮಾತಾಡಿ, ಇನ್ನು ಸತ್ತ ದನ ಎಳೆಯೋದಿಲ್ಲ ಅಂತ ತೀರ್ಮಾನ ಮಾಡಿದರಂತೆ. ಊರವರು ಆಯ ನಿಲ್ಲಿಸಿದರು. ಹಗ್ಗ ಬಿಚ್ಚಿತು, ಗಡಿಗೆ ಖಾಲಿ ಆಯ್ತು. ಆ ವರ್ಷ ಆಯಿಯ ಅವ್ವ ಮಕ್ಕಳಿಗೆ ಏನು ಹಾಕಿದಳು ಅಂತ ಯಾವ ಭಾಷಣದಲ್ಲೂ ಬರೋದಿಲ್ಲ. ಸ್ವಾಭಿಮಾನದ ಖರ್ಚನ್ನ ಮೊದಲು ಕಟ್ಟಿದವರು ಅಡುಗೆಮನೆಯ ಹೆಣ್ಣುಮಕ್ಕಳು.

ಇಲ್ಲಿ ನಮ್ಮವರೇ ಎಷ್ಟೋ ಮಂದಿ ಗೊಂದಲ ಮಾಡಿಕೊಳ್ತಾರ. ಬಾಬಾಸಾಹೇಬರು ಬಿಡು ಅಂದದ್ದು ಇನ್ನೊಬ್ಬರು ಬಿಸಾಕಿದ್ದನ್ನ ತಿನ್ನೋ ಸ್ಥಿತಿಯನ್ನ. ಖಂಡ ತಿನ್ನೋದೇ ಹೊಲಸು ಅಂತ ಅವರು ಹೇಳಲಿಲ್ಲ. 1948ರ 'ದಿ ಅನ್‌ಟಚಬಲ್ಸ್' ಪುಸ್ತಕ ಓದ್ರಿ, ಗೋಮಾಂಸಕ್ಕೂ ಅಸ್ಪೃಶ್ಯತೆಗೂ ಗಂಟು ಹೆಂಗ ಬಿತ್ತು ಅನ್ನೋದನ್ನ ಇತಿಹಾಸದ ಪ್ರಶ್ನೆಯಾಗಿ ಬಿಡಿಸ್ತಾರೆ. ನಾವು ಸತ್ತ ದನದ ಜೊತೆ ಒಣಗಿಸೋ ವಿದ್ಯೆಯನ್ನೂ ನಾಚಿಕೆ ಅಂತ ಹೂತುಬಿಟ್ಟೆವು. ಮರಾಠವಾಡಾದ ಶಾಹೂ ಪಾಟೋಳೆ ಅವರು 2015ರಲ್ಲಿ 'ಅನ್ನ ಹೇ ಅಪೂರ್ಣಬ್ರಹ್ಮ' ಬರೆದು ಅದೇ ಅಡುಗೆಯನ್ನ ತಲೆ ಎತ್ತಿ ದಾಖಲಿಸಿದರು. ಒಣಖಂಡಕ್ಕೆ ಅವರ ಕಡೆ 'ಚಾನ್ಯಾ' ಅಂತಾರೆ. ಇಂಡಿಯಿಂದ ಗಡಿ ಎಷ್ಟು ದೂರ? ಅರವಿಂದ ಮಾಲಗತ್ತಿಯವರಂಥ ಬರಹಗಾರರು ಹುಟ್ಟಿದ ಮುದ್ದೇಬಿಹಾಳದ ಸೀಮೆ ನಮ್ಮದು, ನಮ್ಮ ಅಡುಗೆಯ ಪುಸ್ತಕ ಮಾತ್ರ ಇನ್ನೂ ಬಂದಿಲ್ಲ.

ಬೇಟೆಯಿಂದಲೇ ಬದುಕಿದವರ ಗತಿ ಇನ್ನೂ ಕೆಟ್ಟದ್ದು. ಹರಣಶಿಕಾರಿ, ಪಾರ್ದಿ ಜನ ಮೊಲ, ಕೌಜುಗ ಹಿಡಿದು ಊರಲ್ಲಿ ಕೊಟ್ಟು ಜೋಳ ಒಯ್ತಿದ್ದರು. ಅವರ ಬೇಟೆ ಹೆಚ್ಚಾದ ದಿನ ನಮ್ಮ ಕೇರಿಯಲ್ಲೂ ಒಲೆ ಉರೀತಿತ್ತು. ಬ್ರಿಟಿಷರು 1871ರಲ್ಲಿ ತಂದು 1911ರಲ್ಲಿ ವಿಸ್ತರಿಸಿದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಂಥ ಜನರನ್ನ ಹುಟ್ಟುಗಳ್ಳರು ಅಂತ ಕರೆದು ವಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರದ ಸೆಟ್ಲಮೆಂಟುಗಳಲ್ಲಿ ಕೂಡಿಹಾಕಿತು. ಅದೇ ಇಂಗ್ಲೆಂಡಿನಲ್ಲಿ 1828ರ ಕಾಯ್ದೆ ಪ್ರಕಾರ ರಾತ್ರಿ ಮೊಲ ಕದ್ದ ಬಡವ ಮೂರನೇ ಸಲ ಸಿಕ್ಕಿಬಿದ್ದರೆ ಸಮುದ್ರದಾಚೆ ಗಡಿಪಾರು! ದೊರೆಗಳು ಕುದುರೆ ಮೇಲೆ ಕೂತು ಮೊಲ ಓಡಿಸಿದರೆ ಮಾತ್ರ ಅದು ಆಟ. ನಮ್ಮಲ್ಲಿ ಆ ಕಾಯ್ದೆ 1952ರಲ್ಲಿ ರದ್ದಾಯ್ತು. ಕಾಗದದ ಮೇಲೆ.

ಈಗಿನ ಮಾತಿಗೆ ಬರ್ತೀನಿ. ಆಲಮಟ್ಟಿ ಕಾಲುವೆ ಬಂತು, ಹುಲ್ಲಿನ ಬದು ಹೋಗಿ ಕಬ್ಬು, ದ್ರಾಕ್ಷಿ, ಲಿಂಬೆ ಬಂತು. ಮೊಲ ಹೊಡೆಯೋದು ಬೇಡ, ಇರೋದನ್ನ ಉಳಿಸೋಣ. ಆದರೆ ಖಂಡ ಉಳಿಯೋದು ನಿಂತಿಲ್ಲ. ಜಾತ್ರೆ, ಕಂದೂರಿ ದಿನ ಒಂದೊಂದು ಊರಲ್ಲಿ ಎಷ್ಟು ಕುರಿ ಬೀಳ್ತಾವ ನೀವೇ ನೋಡೀರಿ. ಮರುದಿನ ಉಳಿದದ್ದು ತಿಪ್ಪೆಗೆ. 2021ರ ಡಿಸೆಂಬರ್‌ನಲ್ಲಿ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಮಕ್ಕಳಲ್ಲಿ ರಕ್ತ ಇಲ್ಲ, ತೂಕ ಇಲ್ಲ ಅಂತಾನೇ ಆರಿಸಿದ್ದು. ಅದಕ್ಕೂ ಕೆಲವು ಮಠಾಧೀಶರ ವಿರೋಧ! ಬಸವಣ್ಣ ಹುಟ್ಟಿದ ನೆಲ ಇದು, ಮಾದಾರ ಚೆನ್ನಯ್ಯನನ್ನ, ಹರಳಯ್ಯನನ್ನ ಅಪ್ಪಿಕೊಂಡ ಪರಂಪರೆ. ಆ ಮಠಾಧೀಶರಿಗೆ ಹುಡುಗನ ತಾಟಿನ ಮೊಟ್ಟೆ ಮಾತ್ರ ಕಣ್ಣಿಗೆ ಚುಚ್ಚಿತು.

ಮೇಲಾಗಿ ಹೆದರಿಕೆ. 2020ರ ಜಾನುವಾರು ಕಾಯ್ದೆ ಬಂದ ಮೇಲೆ ಅಂಗಳದ ಹಗ್ಗದ ಮೇಲೆ ಕುರಿ ಖಂಡ ಒಣಗಿಸಿದರೂ 'ಅದು ಏನು?' ಅಂತ ಕೇಳೋರು ಹುಟ್ಟಿಕೊಂಡಾರ. ಸಿಂದಗಿಯಲ್ಲಿ ಬಾಡಿಗೆ ಮನೆ ಹುಡುಕುವಾಗ ನನ್ನನ್ನ ಮೊದಲು ಕೇಳಿದ್ದು ಹೆಸರಲ್ಲ, 'ಏನು ತಿಂತೀರಿ' ಅಂತ.

ಹೋದ ಬ್ಯಾಸಿಗೆಯಲ್ಲಿ ನಮ್ಮ ಕೇರಿಯ ನಾಲ್ಕು ಜನ ಅವ್ವಗಳು ಜಾತ್ರೆಯಲ್ಲಿ ಉಳಿದ ಕುರಿ ಖಂಡವನ್ನ ಮಾಳಿಗೆ ಮೇಲೆ ಒಣಗಿಸಿದರು. ಕಾಗೆಗೆ ಕೋಲಿನ ಬದಲು ಹಳೆ ಸೊಳ್ಳೆಪರದೆ. ಎರಡು ಡಬ್ಬಿ ಆಯ್ತು. ಒಂದನ್ನ ಬಾಣಂತಿ ಇದ್ದ ಮನೆಗೆ ಕೊಟ್ಟರು, ಇನ್ನೊಂದನ್ನ ಆಷಾಢದಾಗ ಒಡೆದು ಎಲ್ಲರೂ ರೊಟ್ಟಿ ಹಚ್ಚಿಕೊಂಡು ತಿಂದೆವು. ನಿಮ್ಮ ಕೇರಿಯಲ್ಲಿ ಒಣಖಂಡಕ್ಕೆ ಏನಂತಿದ್ದರು, ಉಪ್ಪು ಎಷ್ಟು ಹಾಕ್ತಿದ್ದರು, ಪಾಲು ಹೆಂಗ ಹಾಕ್ತಿದ್ದರು, ಮನೆಯಲ್ಲಿ ಆಯಿ-ಮುತ್ತ್ಯಾ ಇದ್ದರೆ ಕೇಳಿ ನನಗೆ ಬರೆದು ಕಳಿಸ್ರಿ. ಬರೆಯೋಕೆ ಬರದಿದ್ದರೆ ಆಯಿಯ ದನಿಯಲ್ಲೇ ರೆಕಾರ್ಡ್ ಮಾಡಿ ಕಳಿಸ್ರಿ, ನಾನು ಬರಕೊಳ್ತೀನಿ.