ಅಂಗಾಂಕುರದ ಇತಿಹಾಸ

ಮಾತೃಗರ್ಭದಲ್ಲಿ ಶಿಶುವಿನ ಯಾವ ಅಂಗವು ಮೊದಲು ಹುಟ್ಟುವುದೆಂಬ ಪ್ರಶ್ನೆಯನ್ನು ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಒಂದು ವಾದಸಭೆಯಂತೆಯೇ ನಿರೂಪಿಸಿದೆ. ಶಿರಸ್ಸೇ ಮೊದಲೆಂದು ಶೌನಕನೂ, ಹೃದಯವೆಂದು ಕೃತವೀರ್ಯನೂ, ನಾಭಿಯೆಂದು ಪಾರಾಶರ್ಯನೂ, ನಡುದೇಹವೆಂದು ಸುಭೂತಿ ಗೌತಮನೂ ಹೇಳಿದರು. ಮಾರ್ಕಂಡೇಯನು ಕೈಕಾಲುಗಳೇ ಮೊದಲೆಂದನು. ಗರ್ಭದ ಚೇಷ್ಟೆಗೆಲ್ಲ ಅವೇ ಮೂಲವಲ್ಲವೆ ಎಂಬುದು ಅವನ ಯುಕ್ತಿ. ಧನ್ವಂತರಿಯು ಇವುಗಳಲ್ಲಿ ಒಂದನ್ನೂ ಒಪ್ಪದೆ, ಸರ್ವಾಂಗಗಳೂ ಏಕಕಾಲದಲ್ಲಿಯೇ ಹುಟ್ಟುವುವೆಂದೂ, ಅತಿ ಸೂಕ್ಷ್ಮವಾಗಿರುವುದರಿಂದ ಕಣ್ಣಿಗೆ ಬೀಳವೆಂದೂ, ಬಿದಿರಿನ ಮೊಳಕೆಯಲ್ಲಿಯೂ ಎಳೆಯ ಮಾವಿನ ಕಾಯಲ್ಲಿಯೂ ಎಲ್ಲವೂ ಅಡಗಿರುವಂತೆ ಇಲ್ಲಿಯೂ ಅಡಗಿರುವುದೆಂದೂ ತೀರ್ಪನ್ನಿತ್ತನು. ಅದೇ ಅಧ್ಯಾಯದಲ್ಲಿ, ಮೂರನೆಯ ತಿಂಗಳಲ್ಲಿ ಕೈಗಳಿಗೆ ಎರಡು, ಕಾಲುಗಳಿಗೆ ಎರಡು, ತಲೆಗೆ ಒಂದು, ಹೀಗೆ ಐದು ಪಿಂಡಕಗಳು ತೋರುವುವೆಂದೂ ಹೇಳಿದೆ. ಇಂದಿನ ಭ್ರೂಣಶಾಸ್ತ್ರಜ್ಞರು ಕಾಲವನ್ನು ಮಾತ್ರ ತಿದ್ದುವರು: ತೋಳಿನ ಮೊಳಕೆಯು ನಾಲ್ಕನೆಯ ವಾರದಲ್ಲಿಯೇ ತೋರುವುದು, ಕಾಲಿನ ಮೊಳಕೆಯು ಒಂದೆರಡು ದಿನ ತಡೆದು ಬರುವುದು. ಮೊದಲು ಗಂಟು, ಆಮೇಲೆ ಅಂಗ, ಎಂಬ ಕ್ರಮವು ಸರಿಯಾಗಿಯೇ ಇರುತ್ತದೆ.

ಆದರೆ ಆ ಗಂಟಿನೊಳಗೆ ಕೈಯು ನಿಜವಾಗಿಯೂ ಅಡಗಿರುವುದೆ? ಒಂದು ಗಂಟು ಕೈಯಾಗಿಯೂ ಅದರಂತೆಯೇ ಕಾಣುವ ಇನ್ನೊಂದು ಗಂಟು ಕಾಲಾಗಿಯೂ ಬೆಳೆಯುವುದಕ್ಕೆ ಕಾರಣವೇನು? ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುತ್ತ ಪಾಶ್ಚಾತ್ಯ ಪಂಡಿತರು ಕಳೆದ ಕಾಲವು ಒಂದು ಶತಮಾನಕ್ಕೂ ಮಿಗಿಲಾದುದು.

ಮೊದಲು ಅವರ ದೃಷ್ಟಿಯು ಬಿದ್ದುದು ಮೂಳೆಗಳ ಮೇಲೆ. ಫ್ರಾನ್ಸ್ ದೇಶದ ಪಿಯೇರ್ ಬೆಲೋನ್ ಎಂಬಾತನು ೧೫೫೫ರಲ್ಲಿಯೇ ಮನುಷ್ಯನ ಮತ್ತು ಹಕ್ಕಿಯ ಅಸ್ಥಿಪಂಜರಗಳನ್ನು ಪಕ್ಕಪಕ್ಕದಲ್ಲಿ ಬರೆದು, ಇದಕ್ಕೆ ಅದು ಸಮನೆಂದು ಗುರುತು ಹಾಕಿ ತೋರಿಸಿದ್ದನು. ಲಂಡನ್ನಿನ ರಿಚರ್ಡ್ ಓವನ್ನನು ೧೮೪೯ರಲ್ಲಿ ಅವಯವಗಳ ಸ್ವರೂಪವನ್ನು ಕುರಿತು ಮಾಡಿದ ಉಪನ್ಯಾಸವು ಈ ವಿಚಾರವನ್ನು ಶಾಸ್ತ್ರವನ್ನಾಗಿ ಮಾಡಿತು. ತೋಳಿನಲ್ಲಿ ಒಂದು ಮೂಳೆ, ಮುಂದೋಳಿನಲ್ಲಿ ಎರಡು, ಮಣಿಕಟ್ಟಿನಲ್ಲಿ ಅನೇಕ ಸಣ್ಣ ಮೂಳೆಗಳು, ತುದಿಯಲ್ಲಿ ಬೆರಳುಗಳು: ಬಾವಲಿಯ ರೆಕ್ಕೆಯಾಗಲಿ, ತಿಮಿಂಗಿಲದ ಈಜುಕೈಯಾಗಲಿ, ಕುದುರೆಯ ಮುಂಗಾಲಾಗಲಿ, ಈ ಒಂದೇ ವಿನ್ಯಾಸದ ಹಿಗ್ಗುಕುಗ್ಗುಗಳೇ ಹೊರತು ಬೇರೆಯಲ್ಲ. ಕಾಲಿನಲ್ಲಿಯೂ ಅದೇ ಕ್ರಮ. ಓವನ್ನನಿಗೆ ಇದು ದೈವಸಂಕಲ್ಪದಲ್ಲಿದ್ದ ಮೂಲಪ್ರತಿಮೆಯಾಗಿ ಕಂಡಿತು. ಹತ್ತು ವರ್ಷಗಳ ಮೇಲೆ, ೧೮೫೯ರಲ್ಲಿ, ಡಾರ್ವಿನ್ನನು ಅದೇ ಮೂಳೆಗಳನ್ನು ಮುಂದಿಟ್ಟುಕೊಂಡು, ಇದು ಪ್ರತಿಮೆಯಲ್ಲ, ಪೂರ್ವಜನೊಬ್ಬನಿಂದ ಬಂದ ಆಸ್ತಿ ಎಂದನು. ಇಬ್ಬರೂ ನೋಡಿದುದು ಬೆಳೆದು ಮುಗಿದ ಮೂಳೆಯನ್ನು. ಗರ್ಭದಲ್ಲಿ ಅದು ಹೇಗೆ ರೂಪುಗೊಳ್ಳುವುದೆಂಬುದನ್ನು ಮೂಳೆಯು ಹೇಳಲಾರದು.

ಹೇಳಿಸಬೇಕಾದರೆ ಮೊಳಕೆಯನ್ನೇ ಕೆಣಕಿ ನೋಡಬೇಕಾಗಿದ್ದಿತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರಾಸ್ ಹ್ಯಾರಿಸನ್ನರು ೧೯೧೮ರಲ್ಲಿ ಆ ಕೆಲಸವನ್ನು ಮಾಡಿದರು. ಹಲ್ಲಿಯ ಆಕಾರದ, ಕಪ್ಪೆಯ ಬಂಧುವಾದ ಸಾಲಮಾಂಡರ್ ಎಂಬ ಪ್ರಾಣಿಯ ಭ್ರೂಣದಲ್ಲಿ ಮುಂಗಾಲು ಹುಟ್ಟುವ ಸ್ಥಾನವನ್ನು ಅವರು ಗುರುತಿಸಿ, ಅಲ್ಲಿನ ಅಂಗಾಂಶದ ಅರ್ಧವನ್ನು ಕತ್ತರಿಸಿ ತೆಗೆದರು. ಅರ್ಧ ಕಾಲು ಹುಟ್ಟಲಿಲ್ಲ. ಇಡಿಯ ಕಾಲೇ ಹುಟ್ಟಿತು. ಎರಡು ಪ್ರಾಣಿಗಳ ಅಂಥ ಅಂಗಾಂಶಗಳನ್ನು ಒಂದುಗೂಡಿಸಿದಾಗಲೂ ಒಂದೇ ಕಾಲು ಬೆಳೆಯಿತು. ಮೊಳಕೆಯೊಳಗೆ ಸೂಕ್ಷ್ಮರೂಪದ ಕೈಯೊಂದು ಕುಳಿತಿದ್ದ ಪಕ್ಷದಲ್ಲಿ ಅದನ್ನು ಅರ್ಧಕ್ಕೆ ಕತ್ತರಿಸಿದರೆ ಇಡಿಯದಾಗುವುದು ಹೇಗೆ? ಧನ್ವಂತರಿಯ ತೀರ್ಪು ಇಲ್ಲಿ ನಿಲ್ಲಲಿಲ್ಲ. ಮೊಳಕೆಯಲ್ಲಿ ಇರುವುದು ಕೈಯಲ್ಲ, ಕೈಯಾಗುವ ಸಾಮರ್ಥ್ಯ.

ಆ ಸಾಮರ್ಥ್ಯವನ್ನು ನಡೆಸುವ ಸೂತ್ರವು ಎಲ್ಲಿದೆ ಎಂಬುದನ್ನು ತೋರಿಸಿಕೊಟ್ಟವರು ಅಮೆರಿಕದ ಜಾನ್ ಸಾಂಡರ್ಸರು. ಅವರ ಉಪಕರಣಗಳು ಬಹು ಸರಳವಾದುವು: ಕಾವಿಗಿಟ್ಟ ಕೋಳಿಮೊಟ್ಟೆ, ಸೂಜಿಯ ಮೊನೆ, ಎಲ್ಲಕ್ಕೂ ಮಿಗಿಲಾಗಿ ಅಲುಗಾಡದ ಕೈ. ಮೊಟ್ಟೆಯ ಚಿಪ್ಪಿನಲ್ಲಿ ಒಂದು ಕಿಟಕಿಯನ್ನು ತೆರೆದರೆ ಮರಿಯ ರೆಕ್ಕೆಯ ಮೊಳಕೆಯು ಕಾಣುವುದು. ಅದರ ಅಂಚಿನಲ್ಲಿ ಚರ್ಮವು ದಪ್ಪಗಾಗಿ ಒಂದು ಏಣಿನಂತೆ ಎದ್ದಿರುವುದು. ನೋಡುವುದಕ್ಕೆ ಕ್ಷುಲ್ಲಕವಾದ ಈ ಏಣನ್ನು ಸಾಂಡರ್ಸರು ಕಿತ್ತುಹಾಕಿ, ಕಿಟಕಿಯನ್ನು ಮುಚ್ಚಿ, ಮರಿಯನ್ನು ಬೆಳೆಯಲು ಬಿಟ್ಟರು. ಬೇಗನೆ ಕಿತ್ತಲ್ಲಿ ತೋಳಿನ ಮೇಲ್ಮೂಳೆಯಷ್ಟೇ ಬೆಳೆದು ರೆಕ್ಕೆಯು ಮೊಟಕಾಗಿ ನಿಂತಿತು. ಸ್ವಲ್ಪ ತಡವಾಗಿ ಕಿತ್ತಲ್ಲಿ ಮುಂದೋಳೂ ಬಂದು ಬೆರಳುಗಳು ಮಾತ್ರ ಬರಲಿಲ್ಲ. ಅಂಗವು ಭುಜದಿಂದ ತುದಿಯ ಕಡೆಗೆ ಕ್ರಮವಾಗಿ ನಿರ್ಣಯವಾಗುವುದೆಂದೂ, ಅದನ್ನು ಮುಂದಕ್ಕೆ ನಡೆಸುವ ಶಕ್ತಿಯು ಆ ಏಣಿನಲ್ಲಿದೆಯೆಂದೂ ೧೯೪೮ರ ಈ ಪ್ರಯೋಗವು ಸಾರಿತು.

೧೯೫೦ರ ದಶಕದ ಕೊನೆಯಲ್ಲಿ ಸಾಂಡರ್ಸರೂ ಅವರ ಸಹೋದ್ಯೋಗಿಗಳೂ ಇನ್ನೂ ವಿಚಿತ್ರವಾದ ಒಂದು ಪ್ರಯೋಗವನ್ನು ಮಾಡಿದರು. ಮರಿಯ ಕಾಲಿನ ಮೊಳಕೆಯಲ್ಲಿ ಮುಂದೆ ತೊಡೆಯಾಗಬೇಕಾಗಿದ್ದ ತುಣುಕನ್ನು ತೆಗೆದು, ರೆಕ್ಕೆಯ ಮೊಳಕೆಯ ತುದಿಯಲ್ಲಿ, ಏಣಿನ ಕೆಳಗೆ ನೆಟ್ಟರು. ಆ ತುಣುಕು ತೊಡೆಯಾಗಲಿಲ್ಲ. ರೆಕ್ಕೆಯ ತುದಿಯೂ ಆಗಲಿಲ್ಲ. ರೆಕ್ಕೆಯ ಕೊನೆಯಲ್ಲಿ ಉಗುರುಳ್ಳ ಕಾಲ್ಬೆರಳುಗಳು ಹುಟ್ಟಿದುವು! ಈ ವಿಷಯದ ಇತಿಹಾಸದಲ್ಲೆಲ್ಲ ಇಷ್ಟು ಅರ್ಥಗರ್ಭಿತವಾದ ಪ್ರಯೋಗವು ಇನ್ನೊಂದಿಲ್ಲವೆಂದರೆ ಅತಿಶಯೋಕ್ತಿಯಾಗದು. ‘ನಾನು ಕಾಲಿಗೆ ಸೇರಿದವನು’ ಎಂಬುದನ್ನು ತುಣುಕು ಮರೆಯಲಿಲ್ಲ. ‘ನಾನು ತೊಡೆ’ ಎಂಬುದನ್ನು ಮರೆತು, ನೆಟ್ಟ ಸ್ಥಳಕ್ಕೆ ತಕ್ಕಂತೆ ತುದಿಯ ಭಾಗವಾಯಿತು. ಹುಟ್ಟಿದ ಮನೆತನವೂ ನಿಂತ ಸ್ಥಾನವೂ ಎರಡು ಬೇರೆ ಬೇರೆ ಸಂಗತಿಗಳೆಂದೂ, ಜೀವಕೋಶವು ಎರಡನ್ನೂ ಪ್ರತ್ಯೇಕವಾಗಿ ಲೆಕ್ಕವಿಡುವುದೆಂದೂ ಇದರಿಂದ ಸ್ಪಷ್ಟವಾಯಿತು.

ಸ್ಥಾನದ ಲೆಕ್ಕವೇ ಮೊದಲು ಬಿಡಿಸಲ್ಪಟ್ಟಿತು. ೧೯೬೮ರಲ್ಲಿ ಸಾಂಡರ್ಸರೂ ಮೇರಿ ಗ್ಯಾಸೆಲಿಂಗರೂ ರೆಕ್ಕೆಯ ಮೊಳಕೆಯ ಹಿಂದಣ ಅಂಚಿನ ಚೂರೊಂದನ್ನು ಮುಂದಣ ಅಂಚಿಗೆ ನೆಟ್ಟುದನ್ನು ಪ್ರಕಟಿಸಿದರು. ಕೋಳಿಯ ರೆಕ್ಕೆಯಲ್ಲಿ ೨, ೩, ೪ ಎಂದು ಎಣಿಸಲ್ಪಡುವ ಮೂರು ಬೆರಳುಗಳಿರುವುವು. ಚೂರು ನೆಟ್ಟಲ್ಲಿ ೪, ೩, ೨, ೨, ೩, ೪ ಎಂದು ಕನ್ನಡಿಯಲ್ಲಿ ಕಂಡಂತೆ ಇಮ್ಮಡಿ ಬೆರಳುಗಳು ಬಂದುವು. ಹಿಂದಣ ಅಂಚಿನಿಂದ ಯಾವುದೋ ಒಂದು ದ್ರವ್ಯವು ಹೊರಟು, ಹತ್ತಿರದಲ್ಲಿ ಹೆಚ್ಚಾಗಿಯೂ ದೂರ ಹೋದಂತೆ ಕಡಮೆಯಾಗಿಯೂ ಹರಡುವುದೆಂದು ಭಾವಿಸಿದರೆ ಇದು ಅರ್ಥವಾಗುವುದು. ಹೂವಿನ ಪರಿಮಳದಿಂದ ಗಿಡದ ದೂರವನ್ನು ಊಹಿಸುವಂತೆ, ಜೀವಕೋಶವು ಆ ದ್ರವ್ಯದ ಪ್ರಮಾಣದಿಂದ ತನ್ನ ಸ್ಥಾನವನ್ನು ತಿಳಿಯುವುದು. ಲೂಯಿಸ್ ವುಲ್ಪರ್ಟ್ ಎಂಬವರು, ಮೊದಲು ಇಂಜಿನಿಯರಾಗಿದ್ದು ಆಮೇಲೆ ಜೀವಶಾಸ್ತ್ರಕ್ಕೆ ಬಂದವರು, ೧೯೬೯ರಲ್ಲಿ ಇದಕ್ಕೆ ಸ್ಥಾನಜ್ಞಾನದ ಸಿದ್ಧಾಂತವೆಂಬ ರೂಪವನ್ನು ಕೊಟ್ಟರು. ಆದರೆ ದ್ರವ್ಯವು ಯಾವುದು? ವಿಟಮಿನ್ ಎ ಯಿಂದ ಹುಟ್ಟುವ ರೆಟಿನೋಯಿಕ್ ಆಮ್ಲವನ್ನು ಮುಂದಣ ಅಂಚಿನಲ್ಲಿಟ್ಟರೂ ಬೆರಳುಗಳು ಇಮ್ಮಡಿಯಾಗುವುವೆಂದು ಚೆರಿಲ್ ಟಿಕಲ್ ಮುಂತಾದವರು ೧೯೮೨ರಲ್ಲಿ ತೋರಿಸಿದಾಗ ಕಳ್ಳನು ಸಿಕ್ಕಿದನೆಂದೇ ಅನೇಕರು ನಂಬಿದರು. ಸಿಕ್ಕಿದವನು ಕಳ್ಳನಲ್ಲ, ಕಳ್ಳನನ್ನು ಕರೆದು ತರುವವನೆಂಬುದು ತರುವಾಯ ತಿಳಿಯಿತು.

ನಿಜವಾದ ದ್ರವ್ಯದ ಸುಳಿವು ಬಂದುದು ಹಣ್ಣಿನ ನೊಣದಿಂದ. ೧೯೮೦ರಲ್ಲಿ ಕ್ರಿಸ್ಟಿಯಾನ್ ನ್ಯೂಸ್ಲೈನ್-ಫೋಲ್ಹಾರ್ಡ್ ಮತ್ತು ಎರಿಕ್ ವೀಶೌಸ್ ಎಂಬಿಬ್ಬರು, ನೊಣದ ಮರಿಹುಳುವಿನ ದೇಹವಿನ್ಯಾಸವನ್ನು ಕೆಡಿಸುವ ಜೀನುಗಳನ್ನು, ಎಂದರೆ ತಂದೆತಾಯಿಗಳಿಂದ ಮಕ್ಕಳಿಗೆ ಬರುವ ವಂಶವಾಹಿಗಳನ್ನು, ಪಟ್ಟಿಮಾಡಿದರು. ಒಂದು ಜೀನು ಕೆಟ್ಟಾಗ ಹುಳುವಿನ ಮೈಯೆಲ್ಲ ಮುಳ್ಳುಮುಳ್ಳಾಗುತ್ತಿದ್ದುದರಿಂದ, ಮುಳ್ಳುಮೈಯ ಒಂದು ಸಣ್ಣ ಪ್ರಾಣಿಯ ನೆನಪಿನಿಂದ ಅದಕ್ಕೆ ‘ಹೆಡ್ಜ್‌ಹಾಗ್’ ಎಂದು ಹೆಸರಾಯಿತು. ಕಶೇರುಕಗಳಲ್ಲಿ ಇದರ ಬಂಧುಗಳಾದ ಜೀನುಗಳು ದೊರೆತಾಗ, ಎರಡಕ್ಕೆ ಆ ಪ್ರಾಣಿಯ ನಿಜವಾದ ಜಾತಿಗಳ ಹೆಸರುಗಳನ್ನೂ, ಮೂರನೆಯದಕ್ಕೆ ವಿಡಿಯೋ ಆಟವೊಂದರ ನಾಯಕನಾದ ‘ಸಾನಿಕ್ ಹೆಡ್ಜ್‌ಹಾಗ್’ ಎಂಬ ಹೆಸರನ್ನೂ ಇಟ್ಟರು. ನಾಮಕರಣದಲ್ಲಿ ನಮ್ಮ ಪೂರ್ವಿಕರು ತೋರುತ್ತಿದ್ದ ಗಾಂಭೀರ್ಯವನ್ನು ಈ ಶಾಸ್ತ್ರದಲ್ಲಿ ನಿರೀಕ್ಷಿಸಬಾರದು. ಹೆಸರು ಹೇಗಾದರೂ ಇರಲಿ, ೧೯೯೩ರಲ್ಲಿ ಕ್ಲಿಫರ್ಡ್ ಟ್ಯಾಬಿನ್ನರ ಪ್ರಯೋಗಶಾಲೆಯವರು, ಮೊಳಕೆಯ ಹಿಂದಣ ಅಂಚಿನಲ್ಲಿ ಎಚ್ಚರವಾಗಿರುವುದು ಇದೇ ಜೀನೆಂದೂ, ಮುಂದಣ ಅಂಚಿನಲ್ಲಿ ಇದನ್ನು ಎಚ್ಚರಿಸಿದರೆ ಬೆರಳುಗಳು ಇಮ್ಮಡಿಯಾಗುವುವೆಂದೂ ಸಿದ್ಧಪಡಿಸಿದರು. ಸಾಂಡರ್ಸರ ಏಣಿನ ರಹಸ್ಯವೂ ಅದೇ ವರ್ಷ ಬಯಲಾಯಿತು: ಏಣನ್ನು ಕಿತ್ತು, ಎಫ್‌ಜಿಎಫ್ ಎಂಬ ಪ್ರೋಟೀನಿನಲ್ಲಿ ನೆನೆಸಿದ ಮಣಿಗಳನ್ನಿಟ್ಟರೆ ರೆಕ್ಕೆಯು ಮೊಟಕಾಗದೆ ಬೆಳೆಯುವುದು. ತೋಳು, ಮುಂದೋಳು, ಅಂಗೈ ಎಂಬ ವಿಭಾಗಕ್ಕೆ ಹಾಕ್ಸ್ ಎಂಬ ಜೀನುಗಳ ಗುಂಪು ಹೊಣೆ. ಅವುಗಳಲ್ಲಿ ಹನ್ನೊಂದನೆಯ ವರ್ಗದ ಎರಡನ್ನು ಕೆಡಿಸಿದ ಇಲಿಗಳಲ್ಲಿ ಮುಂದೋಳಿನ ಎರಡು ಮೂಳೆಗಳೂ ಇಲ್ಲವಾದುವೆಂದು ೧೯೯೫ರಲ್ಲಿ ವರದಿಯಾಯಿತು.

ಇನ್ನು ಮನೆತನದ ಮಾತು. ಕೈಯ ಮತ್ತು ಕಾಲಿನ ಕೋಶಗಳೆರಡರಲ್ಲಿಯೂ ಇರುವ ಜೀನುಗಳು ಒಂದೇ. ಮೂಳೆಗಳ ವಿನ್ಯಾಸವೂ ಒಂದೇ. ಹಾಗಾದರೆ ಭೇದವೆಲ್ಲಿಯದು? ಒಂದೇ ಗ್ರಂಥವು ಎರಡು ಮನೆಗಳಲ್ಲಿದ್ದರೂ ಪಾರಾಯಣವಾಗುವ ಅಧ್ಯಾಯಗಳು ಬೇರೆಯಾಗಿರಬಹುದಷ್ಟೆ. ಟಿಬಿಎಕ್ಸ್-೫ ಎಂಬ ಜೀನು ಮುಂದಣ ಅವಯವದಲ್ಲಿ ಮಾತ್ರವೂ, ಟಿಬಿಎಕ್ಸ್-೪ ಮತ್ತು ಪಿಐಟಿಎಕ್ಸ್-೧ ಎಂಬುವು ಮುಖ್ಯವಾಗಿ ಹಿಂದಣದರಲ್ಲಿಯೂ ಎಚ್ಚರವಾಗಿರುವುವೆಂದು ೧೯೯೦ರ ದಶಕದಲ್ಲಿ ತಿಳಿದುಬಂದಿತು. ಐದೇ ಕೈಯನ್ನೂ ನಾಲ್ಕೇ ಕಾಲನ್ನೂ ಮಾಡುವುದೆಂದು ಆಗ ಹಲವರು ತೀರ್ಮಾನಿಸಿದರು. ಈ ತೀರ್ಮಾನವು ಸ್ವಲ್ಪ ಆತುರದ್ದೇ ಆಯಿತು. ೨೦೦೫ರಲ್ಲಿ ಮಾಲ್ಕಮ್ ಲೋಗನ್ನರ ತಂಡದವರು ಇಲಿಯ ಮುಂಗಾಲಿನಿಂದ ಐದನ್ನು ತೆಗೆದು ಅದರ ಜಾಗದಲ್ಲಿ ನಾಲ್ಕನ್ನು ಇಟ್ಟುನೋಡಿದಾಗ, ಬೆಳೆದುದು ಹಿಂಗಾಲಲ್ಲ, ಮುಂಗಾಲೇ. ಎರಡೂ ಮೊಳಕೆಯನ್ನು ಹೊರಡಿಸುವುವೇ ಹೊರತು ಅದಕ್ಕೆ ಮನೆತನವನ್ನು ಕೊಡವು. ಕಾಲುತನದ ಮುದ್ರೆಯನ್ನೊತ್ತುವುದರಲ್ಲಿ ಪಿಐಟಿಎಕ್ಸ್-೧ರ ಕೈ ಹೆಚ್ಚಿನದು: ೧೯೯೯ರಲ್ಲಿ ಲೋಗನ್ನರೂ ಟ್ಯಾಬಿನ್ನರೂ ಅದನ್ನು ಕೋಳಿಯ ರೆಕ್ಕೆಯ ಮೊಳಕೆಯಲ್ಲಿ ಎಚ್ಚರಿಸಿದಾಗ ರೆಕ್ಕೆಯು ಕಾಲಿನ ಲಕ್ಷಣಗಳನ್ನು ತಾಳಿದ್ದಿತು. ಡಾರ್ವಿನ್ನನು ಸಾಕಿ ನೋಡಿದ ಪಾರಿವಾಳಗಳಲ್ಲಿ ಕಾಲಿನ ಮೇಲೆಲ್ಲ ಗರಿ ಬೆಳೆಯುವ ಜಾತಿಗಳುಂಟು. ಅಂಥವುಗಳ ಕಾಲಿನ ಮೊಳಕೆಯಲ್ಲಿ ಪಿಐಟಿಎಕ್ಸ್-೧ ತಗ್ಗಿ, ರೆಕ್ಕೆಗೆ ಸೇರಿದ ಟಿಬಿಎಕ್ಸ್-೫ ಎಚ್ಚೆತ್ತಿರುವುದೆಂದು ೨೦೧೬ರಲ್ಲಿ ಗೊತ್ತಾಯಿತು. ಪಾರಿವಾಳದ ಶೋಕಿಯವರು ಅಂದಕ್ಕೆಂದು ಆರಿಸಿ ಬೆಳೆಸಿದುದು, ಸ್ವಲ್ಪಮಟ್ಟಿಗೆ ರೆಕ್ಕೆಯಾಗಹೊರಟ ಕಾಲನ್ನು!

ಜೀನು ಕೆಡದೆ, ಅದನ್ನು ಎಚ್ಚರಿಸುವ ಭಾಗವು ಮಾತ್ರ ಕೆಟ್ಟರೂ ಅವಯವವು ಕೆಡುವುದು. ಸಾನಿಕ್ ಜೀನನ್ನು ಅವಯವದಲ್ಲಿ ಎಚ್ಚರಿಸುವ ತುಣುಕು ಅದರಿಂದ ಸುಮಾರು ಹತ್ತು ಲಕ್ಷ ಅಕ್ಷರಗಳಷ್ಟು ದೂರದಲ್ಲಿ, ಇನ್ನೊಂದು ಜೀನಿನ ನಡುವೆ ಇರುವುದು ೨೦೦೩ರಲ್ಲಿ ಪತ್ತೆಯಾಯಿತು. ಮನುಷ್ಯರಲ್ಲಿಯೂ ಬೆಕ್ಕುಗಳಲ್ಲಿಯೂ ಆರನೆಯ ಬೆರಳು ಹುಟ್ಟುವುದಕ್ಕೆ ಆ ತುಣುಕಿನ ಒಂದೇ ಅಕ್ಷರದ ವ್ಯತ್ಯಾಸವು ಸಾಕಾಗುವುದುಂಟು. ಹಾವುಗಳಲ್ಲಿ ಆ ತುಣುಕು ಶಿಥಿಲವಾಗಿದೆ. ಹೆಬ್ಬಾವಿನ ತುಣುಕನ್ನು ಇಲಿಯಲ್ಲಿಟ್ಟಾಗ ಇಲಿಯ ಕಾಲುಗಳು ಮೊಟಕಾದುವು. ಹಾವು ಕಳೆದುಕೊಂಡ ೧೭ ಅಕ್ಷರಗಳನ್ನು ಅದರಲ್ಲಿ ತುಂಬಿಕೊಟ್ಟಾಗ ಕಾಲುಗಳು ಮರಳಿ ಬಂದುವು. ಇದು ೨೦೧೬ರ ಪ್ರಯೋಗ.

ಈ ಇತಿಹಾಸವು ಕೋಳಿ ಇಲಿಗಳಿಗಷ್ಟೇ ಸೇರಿದುದಲ್ಲ. ಕೈಕಾಲು ಊನವಾದ ಮಗು ಹುಟ್ಟಿದ ಮನೆಯಲ್ಲಿ ಮೊದಲ ಪ್ರಶ್ನೆಯು ಬಾಣಂತಿಯನ್ನು ಕುರಿತೇ ಏಳುವುದು. ಗ್ರಹಣಕಾಲದಲ್ಲಿ ಆಕೆ ತರಕಾರಿ ಹೆಚ್ಚಿದಳೆಂದೋ, ನೋಡಬಾರದುದನ್ನು ನೋಡಿದಳೆಂದೋ ಹೇಳುವವರು ಓದಿದ ಕುಟುಂಬಗಳಲ್ಲಿಯೂ ಇದ್ದಾರೆ. ಹೆಬ್ಬೆರಳು ಮುಂದೋಳುಗಳ ಊನವೂ ಹೃದಯದ ಗೋಡೆಯ ರಂಧ್ರವೂ ಕೂಡಿ ಬರುವ ಒಂದು ವ್ಯಾಧಿಯನ್ನು ೧೯೬೦ರಲ್ಲಿ ಹೋಲ್ಟ್ ಮತ್ತು ಓರಮ್ ಎಂಬ ವೈದ್ಯರು ವರ್ಣಿಸಿದರು. ಟಿಬಿಎಕ್ಸ್-೫ರ ದೋಷವೇ ಅದಕ್ಕೆ ಕಾರಣವೆಂದು ೧೯೯೭ರಲ್ಲಿ ತಿಳಿಯಿತು. ಇದು ತಂದೆಯ ಕಡೆಯಿಂದಲೂ ಬರಬಹುದು, ತಾಯಿಯ ಕಡೆಯಿಂದಲೂ ಬರಬಹುದು, ಇಬ್ಬರಲ್ಲಿಯೂ ಇಲ್ಲದೆ ಹೊಸದಾಗಿಯೂ ಹುಟ್ಟಬಹುದು. ದಕ್ಷಿಣ ಆಫ್ರಿಕದ ಒಂದು ಕುಟುಂಬದಲ್ಲಿ ಐದು ತಲೆಮಾರುಗಳಿಂದ ಮೊಳಕೈ ಮಣಿಕಟ್ಟುಗಳು ವಿಕಾರವಾಗಿರುವುದನ್ನು ಲೀಬೆನ್‌ಬರ್ಗ್ ಎಂಬ ವೈದ್ಯರು ೧೯೭೩ರಲ್ಲಿ ಪ್ರಕಟಿಸಿದ್ದರು. ಈ ವ್ಯಾಧಿಯಲ್ಲಿ ಮೊಳಕೈಯು ಮಂಡಿಯನ್ನೂ ಮಣಿಕಟ್ಟು ಪಾದದ ಕೀಲನ್ನೂ ಹೋಲುವುವು. ೨೦೧೨ರಲ್ಲಿ ಕಾರಣವು ಸಿಕ್ಕಿತು. ಪಿಐಟಿಎಕ್ಸ್-೧ ಜೀನು ಅವರಲ್ಲಿ ಅಚ್ಚಳಿಯದೆಯೇ ಇತ್ತು. ಅದರ ನೆರೆಯ ಭಾಗವು ಸ್ಥಾನಪಲ್ಲಟವಾದುದರಿಂದ ತೋಳಿನಲ್ಲಿಯೂ ಅದು ಎಚ್ಚೆತ್ತಿದ್ದಿತು.

ಹೊರಗಿನಿಂದ ಬರುವ ಕೇಡು ಇಲ್ಲವೇ ಇಲ್ಲವೆಂದಲ್ಲ. ಜರ್ಮನಿಯಲ್ಲಿ ೧೯೫೭ರಿಂದ ನಿದ್ರೆಗೂ ಗರ್ಭಿಣಿಯರ ವಾಕರಿಕೆಗೂ ನಿರಪಾಯಕರವಾದ ಔಷಧವೆಂದು ಮಾರಾಟವಾದ ಥಾಲಿಡೊಮೈಡ್, ೧೯೬೧ರ ಕೊನೆಯಲ್ಲಿ ಅಂಗಡಿಗಳಿಂದ ತೆಗೆಯಲ್ಪಡುವುದರೊಳಗೆ, ಸಾವಿರಾರು ಮಕ್ಕಳ ಕೈಕಾಲುಗಳನ್ನು ಮೊಟಕುಮಾಡಿದ್ದಿತು. ಮೊಳಕೆಯ ಬೆಳವಣಿಗೆಗೆ ಬೇಕಾದ ಎಸ್‌ಎಎಲ್‌ಎಲ್-೪ ಎಂಬ ಪ್ರೋಟೀನನ್ನು ಕೋಶವೇ ನಾಶಪಡಿಸುವಂತೆ ಆ ಮದ್ದು ಮಾಡುವುದೆಂದು ಅರಿವಾದುದು ೨೦೧೮ರಲ್ಲಿ. ಗರ್ಭಧಾರಣೆಯಾದ ೨೦ನೆಯ ದಿನದಿಂದ ೩೬ನೆಯ ದಿನದವರೆಗೆ ಅದರ ಹಾವಳಿಯು ಪ್ರಬಲವಾಗಿರುವುದು. ಆ ದಿನಗಳಲ್ಲಿ ಅನೇಕ ಸ್ತ್ರೀಯರಿಗೆ ತಾವು ಗರ್ಭಿಣಿಯರೆಂಬುದೇ ಇನ್ನೂ ನಿಶ್ಚಯವಾಗಿರುವುದಿಲ್ಲ.